ಕೋಲಾರದ ಪುಟಕ್ಕೆ ಕೋಲಾರದ್ದೇ ಕಾಗದ

ಪ್ರವಾಸದ ಫೋಟೊಗಳನ್ನು ಸೇರಿಸಿ ಮೊಬೈಲಿನಲ್ಲೋ ಟ್ಯಾಬ್‌ನಲ್ಲೋ ಚಿತ್ರ ದಿನಚರಿ ಮಾಡುವುದು ಚೆಂದದ ಹವ್ಯಾಸ. ಒಂದು ಹಾಳೆಯ ಮೇಲೆ ಎರಡು ಮೂರು ಫೋಟೊ, ಬಸ್ ಟಿಕೆಟ್ಟಿನ ತುಣುಕು, ಒಂದಿಷ್ಟು ಬಣ್ಣ, ಕೈಬರಹದ ನಾಲ್ಕು ಸಾಲು. ಆದರೆ ಆ್ಯಪ್‌ಗಳು ಕೊಡುವ ಸಿದ್ಧ ಹಾಳೆಗಳನ್ನು ನೋಡಿ: ಹಳದಿಗಟ್ಟಿದ ಇಂಗ್ಲಿಷ್ ಪತ್ರ, ಕಾಫಿ ಲೋಟದ ಕಲೆ, ಐಫೆಲ್ ಗೋಪುರದ ಅಂಚೆಚೀಟಿ. ಅಂತರಗಂಗೆಯ ಬಂಡೆಗಳ ಪಕ್ಕದಲ್ಲಿ ಪ್ಯಾರಿಸ್ಸಿನ ಮುದ್ರೆ ಬಿದ್ದರೆ ಆ ಪುಟ ಯಾವ ಊರಿನದು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪುಟಗಳಿಗೆ ಬೇಕಾದ ಕಾಗದ, ಮಸಿ, ಬಣ್ಣ ಎಲ್ಲವೂ ಆ ಊರುಗಳಲ್ಲೇ ಸಿಗುತ್ತವೆ. ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ಹೋಗಬೇಕು, ಅಷ್ಟೇ.

ಕಲ್ಲಿನಿಂದಲೇ ಶುರು ಮಾಡೋಣ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು; ಅದು ಅಚ್ಚಾದದ್ದು 1905ರಲ್ಲಿ. ಶಾಸನದ ಪಡಿಯಚ್ಚು ತೆಗೆಯುವ ಹಳೆಯ ಕ್ರಮವನ್ನು ಒಮ್ಮೆ ನೆನೆಯಿರಿ. ಕಲ್ಲು ತೊಳೆದು ಒದ್ದೆ ಕಾಗದ ಹಾಸುತ್ತಾರೆ, ಬ್ರಷ್ಷಿನಿಂದ ಬಡಿದು ಅದನ್ನು ಅಕ್ಷರದ ಗುಳಿಗಳೊಳಗೆ ಕೂರಿಸುತ್ತಾರೆ, ಮೇಲೆ ಮಸಿ ತಟ್ಟುತ್ತಾರೆ. ಗುಳಿಗೆ ಮಸಿ ತಾಗದು. ಕಪ್ಪು ನೆಲದ ಮೇಲೆ ಬಿಳಿ ಅಕ್ಷರಗಳು ಏಳುತ್ತವೆ.

ಕಲ್ಲನ್ನು ಮುಟ್ಟದೆಯೇ ಈ ನೋಟವನ್ನು ಪುಟಕ್ಕೆ ತರಬಹುದು. ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಅಕ್ಷರಗಳು ಚಪ್ಪಟೆಯಾಗಿ ಕಲ್ಲಿನಲ್ಲೇ ಕರಗಿಹೋಗುತ್ತವೆ. ಐಬಿಸ್ ಪೇಂಟ್ ಅಥವಾ ಕ್ರಿಟಾದಲ್ಲಿ ಫೋಟೊವನ್ನು ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ‘ಇನ್ವರ್ಟ್’ ಒತ್ತಿ. ಅಕ್ಷರದೊಳಗಿನ ನೆರಳು ಬಿಳಿಯಾಗುತ್ತದೆ. ಆ ಲೇಯರನ್ನು ‘ಸ್ಕ್ರೀನ್’ಗೆ ಬದಲಿಸಿದರೆ ಕಪ್ಪು ಮಾಯವಾಗಿ, ಕೆಳಗಿನ ಯಾವ ಬಣ್ಣದ ಮೇಲಾದರೂ ಬಿಳಿ ಬರಹ ಉಳಿಯುತ್ತದೆ. ಇನ್ವರ್ಟ್ ಮಾಡದೆ ‘ಮಲ್ಟಿಪ್ಲೈ’ ಆರಿಸಿದರೆ ಬಿಳಿ ಮಾಯವಾಗಿ ನೆರಳೇ ಮಸಿಯಾಗುತ್ತದೆ. ಈ ಎರಡು ಆಯ್ಕೆ ಕೈಗೆ ಹತ್ತಿದರೆ ಚಿತ್ರ ದಿನಚರಿಯ ಅರ್ಧ ವಿದ್ಯೆ ಬಂದಂತೆ.

ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳಿನ ಭಯವಿಲ್ಲವೆಂದು ಜನ ನಂಬುತ್ತಾರೆ. ಗರ್ಭಗುಡಿಗೆ ಕ್ಯಾಮೆರಾ ಎತ್ತುವುದು ಬೇಡ. ಪುಟದಲ್ಲಿ ಆ ಜಾಗ ಖಾಲಿ ಬಿಟ್ಟು, ಮನೆಗೆ ಬಂದ ಮೇಲೆ ಬೆರಳಿನಲ್ಲೇ ಒಂದು ಚೇಳು ಬಿಡಿಸಿ. ಗೆರೆ ಸೊಟ್ಟಗಾದರೂ ಸರಿ. ಕೈಯಲ್ಲಿ ಎಳೆದ ಗೆರೆ ಒಂದೂ ಇಲ್ಲದ ಪುಟವನ್ನು ನಾನು ಆಲ್ಬಮ್ ಎಂದೇ ಕರೆಯುತ್ತೇನೆ.

ಬಣ್ಣಕ್ಕೆ ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಈ ಊರಿನಲ್ಲಿ ಒಂದು ಹಳೆಯ ಮಾಡಿನ ಫೋಟೊ ತೆಗೆದು, ಅದರ ಮೇಲೆ ಕಲರ್ ಪಿಕರ್ ಇಡಿ. ಈಚೆಗೆ ಬದಲಿಸಿದ ಹೆಂಚಿನ ಕೆಂಪು, ಮಳೆಗೆ ಕಪ್ಪಾದ ಹೆಂಚಿನ ಕಂದು, ಅಂಚಿನ ಪಾಚಿಯ ಹಸಿರು. ಈ ಮೂರನ್ನೇ ಇಡೀ ಪುಸ್ತಕಕ್ಕೆ ಬಳಸಿದರೆ ಪುಟಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಇದೇ ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಪೂರ್ತಿಯಾದ ವಿಗ್ರಹಕ್ಕಿಂತ ಅರ್ಧ ಕಡೆದ ಕಲ್ಲು ನಮಗೆ ಹೆಚ್ಚು ಬೇಕು: ಉಳಿಯ ಗೀರುಗಳಿರುವ ಮೈಯನ್ನು ಹತ್ತಿರದಿಂದ ತೆಗೆದು, ತೆಳುಗೊಳಿಸಿ ಹಿನ್ನೆಲೆಯಾಗಿ ಹಾಸಿ. ಅಂಗಡಿಯ ಯಾವ ಕಾಗದಕ್ಕೂ ಆ ಒರಟುತನ ಬರದು. ಕೆಲಸದಲ್ಲಿರುವವರ ಮುಖ ಪುಟಕ್ಕೆ ಬೇಕಿದ್ದರೆ ಮೊದಲು ಅವರನ್ನೇ ಕೇಳಿ.

ಮುಳಬಾಗಿಲಿನ ಸಮಸ್ಯೆ ಬೇರೆ. ಕುರುಡುಮಲೆಯ ಏಕಶಿಲಾ ಗಣೇಶ 13 ಅಡಿಗೂ ಎತ್ತರ; ಚಿಕ್ಕ ಪರದೆಯಲ್ಲಿ ಆ ಗಾತ್ರ ತಿಳಿಯುವುದೇ ಇಲ್ಲ. ಜೊತೆಗೆ ಬಂದವರು ನಿಂತಿರುವ ಒಂದು ಫೋಟೊವನ್ನು ಕತ್ತರಿಸಿ ಪುಟದ ಕೆಳಮೂಲೆಯಲ್ಲಿ ಇಡಿ. ಅವರ ಎತ್ತರದ ಎರಡೂವರೆ ಪಟ್ಟು ಅಳೆದು ಪಕ್ಕದಲ್ಲಿ ಗಣೇಶನ ಹೊರಗೆರೆ ಎಳೆಯಿರಿ. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ, ಮೇಲೆ ಸೀತೆಯ ಗುಡಿಯಿರುವ ಬೆಟ್ಟ. ಆ ಬೆಟ್ಟದ ಆಕಾರವನ್ನು ಕತ್ತರಿಸಿ, ‘ಕ್ಲಿಪ್ಪಿಂಗ್’ ಬಳಸಿ ಅದರೊಳಗೆ ಗುಡಿಯ ಕಂಬಗಳ ಫೋಟೊ ತುಂಬಿ ನೋಡಿ. ಮುಳಬಾಗಿಲು ದೋಸೆಯ ಫೋಟೊ ಹೇಗೂ ಎಲ್ಲರ ಬಳಿ ಇರುತ್ತದೆ. ಅದರ ಹೊಂಬಣ್ಣ ಮಾಲೂರಿನ ಕೆಂಪಿಗೆ ಚೆನ್ನಾಗಿ ಒಗ್ಗುತ್ತದೆ.

ಶ್ರೀನಿವಾಸಪುರಕ್ಕೆ ಎರಡು ಸಲ ಹೋಗಬೇಕು. ಚಳಿಗಾಲದ ಕೊನೆಯಲ್ಲಿ ಹೂಬಿಟ್ಟ ಮಾವಿನ ತೋಪು ಎಡಪುಟಕ್ಕೆ. ಸುಗ್ಗಿಯಲ್ಲಿ ಮಂಡಿಯ ರಾಶಿ ಬಲಪುಟಕ್ಕೆ. ತೋತಾಪುರಿ, ಬಾದಾಮಿ, ರಸಪುರಿ ಎಂಬ ಹೆಸರುಗಳನ್ನು ಆಯಾ ಹಣ್ಣಿನ ಬಣ್ಣದಲ್ಲೇ ಬರೆಯಿರಿ.

ಬರಹದ ವಿಷಯಕ್ಕೆ ಬಂದರೆ, ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ಆ್ಯಪ್‌ಗೆ ಅಂಟಿಸಿದರೆ ಓದಲಾಗದ ಚಿಹ್ನೆಗಳು ಬರುತ್ತವೆ, ಯೂನಿಕೋಡ್ ಬೇಕು. ಯೂನಿಕೋಡ್ ಇದ್ದರೂ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಒಡೆಯುತ್ತವೆ. ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಬರೆದು, ಫೋಟೊ ತೆಗೆದು, ಅದೇ ‘ಮಲ್ಟಿಪ್ಲೈ’ಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಈ ಸೀಮೆಯಲ್ಲಿ ಕನ್ನಡ, ತೆಲುಗು ಒಂದೇ ಮಾತಿನಲ್ಲಿ ಬೆರೆಯುತ್ತವೆ. ಮಂಡಿಯಲ್ಲೋ ಬಸ್ಸಿನಲ್ಲೋ ಕೇಳಿದ ಮಾತನ್ನು ತಿದ್ದದೆ ಹಾಗೆಯೇ ಬರೆಯಿರಿ. ತಾರೀಖು, ಊರಿನ ಹೆಸರು ಮರೆಯಬೇಡಿ.

ಪುಟದ ಅಳತೆಯನ್ನು ಶುರುವಿನಲ್ಲೇ ಇಟ್ಟುಕೊಳ್ಳಿ: ಎ5 ಗಾತ್ರದಲ್ಲಿ ಚೆನ್ನಾಗಿ ಮುದ್ರಿಸಲು 1748×2480 ಪಿಕ್ಸೆಲ್ ಬೇಕು. ಚಿಕ್ಕದಾಗಿ ಮಾಡಿ ಆಮೇಲೆ ಹಿಗ್ಗಿಸಿದರೆ ಕಲ್ಲಿನ ಗೀರುಗಳೇ ಮೊದಲು ಮಸುಕಾಗುತ್ತವೆ. ಲೇಯರ್‌ಗಳಿರುವ ಮೂಲ ಫೈಲನ್ನು ಬೇರೆಯಾಗಿ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಅಕ್ಷರ ಒಡೆಯುವುದಿಲ್ಲ.