ಟೈರಿನೊಳಗಿನ ಗಂಧಕದ ಗಂಟು

ನಮ್ಮ ಚೆನ್ನೈನ ಕಾಸಿಮೇಡು ಮೀನುಗಾರಿಕೆ ಬಂದರಿಗೆ ಹೋದವರು ದೋಣಿಗಳ ಪಕ್ಕೆಗೆ ತೂಗುಬಿಟ್ಟಿರುವ ಹಳೆಯ ಟೈರುಗಳನ್ನು ಕಂಡಿರಬಹುದು. ದೋಣಿಗಳು ಒಂದಕ್ಕೊಂದು ತಾಗಿದಾಗ ಪೆಟ್ಟನ್ನು ತಡೆಯುವುದು ಅವುಗಳ ಕೆಲಸ. ಮೇ ತಿಂಗಳ ಕತ್ತರಿ ಬಿಸಿಲಿಗೂ ಅವು ಕರಗಿ ಅಂಟಾಗುವುದಿಲ್ಲ. ಇದರ ಗುಟ್ಟು ಗಂಧಕದಲ್ಲಿದೆ.

ರಬ್ಬರ್ ಮರದ ಹಾಲಿನಿಂದ ದೊರೆಯುವ ಹಸಿ ರಬ್ಬರಿನಲ್ಲಿ ಅಣುಗಳು ಬಿಡಿನೂಲಿನ ರಾಶಿಯಂತೆ ಉದ್ದುದ್ದ ಸರಪಳಿಗಳಾಗಿ ಬಿದ್ದಿರುತ್ತವೆ. ಬಿಸಿ ಏರಿದರೆ ಒಂದರ ಮೇಲೊಂದು ಜಾರಿ, ರಬ್ಬರು ಅಂಟಂಟಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನೀಗುವುದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡರು. 1844ರಲ್ಲಿ ಪೇಟೆಂಟ್ ಪಡೆದರು. ಗಂಧಕದ ಪರಮಾಣುಗಳು ಸರಪಳಿಯಿಂದ ಸರಪಳಿಗೆ ಸೇತುವೆ ಕಟ್ಟುತ್ತವೆ. ಇದೇ ಅಡ್ಡಬಂಧ. ಬಿಡಿನೂಲು ಗಂಟುಬಿದ್ದು ಬಲೆಯಾದಂತೆ! ಬಲೆ ಹಿಗ್ಗೀತು, ಕುಗ್ಗೀತು, ಹರಿದುಹೋಗದು.

ಗಂಟುಗಳು ಹೆಚ್ಚಿದಷ್ಟೂ ಸರಪಳಿಗಳ ಅಲುಗಾಟ ತಗ್ಗುತ್ತದೆ. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕ ಸೇರಿದರೆ ಎಳೆದಂತೆ ಬರುವ ರಬ್ಬರು ಸಿದ್ಧ. ಮೂವತ್ತು ಪಾಲಿಗೆ ಮೀರಿದರೆ ಅದು ಎಬೊನೈಟ್ ಎಂಬ ಗಟ್ಟಿ ವಸ್ತು. ಹಸಿ ರಬ್ಬರು ಗಾಜಿನಂತೆ ಪೆಡಸಾಗಲು ಶೂನ್ಯಕ್ಕಿಂತ ಸುಮಾರು 70 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಬೇಕು. ಎಬೊನೈಟ್ ಮೆತ್ತಗಾಗಲು ಸುಮಾರು 80 ಡಿಗ್ರಿಯ ಬಿಸಿಯೇ ಬೇಕು.

ಸೇತುವೆಯ ಉದ್ದವೂ ಮುಖ್ಯ. ಹಲವು ಗಂಧಕ ಪರಮಾಣುಗಳು ಸಾಲಾಗಿ ನಿಂತ ಉದ್ದದ ಸೇತುವೆ ಬಿಸಿಗೆ ಬೇಗ ಮುರಿಯುತ್ತದೆ. ಒಂದೇ ಪರಮಾಣುವಿನ ಸೇತುವೆ ಹೆಚ್ಚು ತಾಳುತ್ತದೆ. ಆದ್ದರಿಂದ ಬಿಸಿ ತಾಳಬೇಕಾದ ರಬ್ಬರಿಗೆ ಗಂಧಕವನ್ನು ಕಡಿಮೆ ಹಾಕಿ, ಬಂಧಕ್ರಿಯೆಯನ್ನು ಚುರುಕುಗೊಳಿಸುವ ರಾಸಾಯನಿಕವನ್ನು ಹೆಚ್ಚಿಸುತ್ತಾರೆ.

ಆದರೆ ಈ ಗುಣವೇ ತೊಡಕೂ ಹೌದು. ಪ್ಲಾಸ್ಟಿಕ್ ಬಕೆಟ್ಟನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು. ಟೈರನ್ನು ಹಾಗೆ ಮಾಡಲಾಗದು. ಸುಟ್ಟರೆ ಸೇತುವೆಗಳು ಮುರಿದು, ಗಂಧಕವು ಗಂಧಕದ ಡೈಆಕ್ಸೈಡ್ ಆಗಿ ದಟ್ಟ ಮಸಿಯೊಡನೆ ಹೊರಬರುತ್ತದೆ. ಉಬ್ಬಸವಿರುವ ಮಕ್ಕಳಿಗೂ ಹಿರಿಯರಿಗೂ ಅದು ವಿಷಸಮಾನ. 2018ರ ಭೋಗಿಯ ಮುಂಜಾನೆ ಹೊಗೆ ಕವಿದು ಚೆನ್ನೈನ ವಿಮಾನ ಸಂಚಾರವೇ ಅಸ್ತವ್ಯಸ್ತವಾದುದನ್ನು ನಾವು ಮರೆತಿಲ್ಲ.

ಮುಂದಿನ ಭೋಗಿಯಂದು ಬೀದಿಯ ಬೆಂಕಿಗೆ ಯಾರಾದರೂ ಟೈರು ಉರುಳಿಸಿ ತಂದರೆ, ನಮ್ಮ ಮನೆಯ ಮಕ್ಕಳು ಈ ಗಂಧಕದ ಗಂಟಿನ ಕಥೆಯನ್ನು ಹೇಳಿ ತಡೆಯಲಿ. ಹಳೆಯ ಟೈರಿಗೆ ಬೆಂಕಿಗಿಂತ ಕಾಸಿಮೇಡಿನ ದೋಣಿಯ ಪಕ್ಕೆಯೇ ಮೇಲು.