ಕಾಲು ಸೋತರೂ ಹುಲಿ ಕಾಣಲಿಲ್ಲವೇ? ವಂಡಲೂರು ಮೃಗಾಲಯಕ್ಕೆ ಹೋಗುವ ಮುನ್ನ ಇದನ್ನು ಓದಿ

ಚೆನ್ನೈ: ಶಾಲೆಗೆ ರಜೆ ಬಂತೆಂದರೆ ಚೆನ್ನೈನ ಕನ್ನಡಿಗರ ಮನೆಗಳಿಗೆ ಊರಿನಿಂದ ಅಜ್ಜ-ಅಜ್ಜಿ, ನೆಂಟರು, ಮಕ್ಕಳು ಬರುತ್ತಾರೆ. ಮರೀನಾ ಬೀಚ್ ಮುಗಿದ ಮೇಲೆ ಕೇಳಿಬರುವ ಹೆಸರು ವಂಡಲೂರಿನ ಅರಿಜ್ಞರ್ ಅಣ್ಣಾ ಮೃಗಾಲಯದ್ದು. ಆದರೆ ಮೈಸೂರು ಮೃಗಾಲಯ ನೋಡಿ ಬೆಳೆದವರು ಇಲ್ಲಿಂದ ಹೊರಬರುವಾಗ ಗೊಣಗುವುದುಂಟು: ನಡೆದಿದ್ದೇ ಬಂತು, ಪ್ರಾಣಿ ಕಂಡಿದ್ದು ಕಡಿಮೆ!

ಈ ದೂರು ಸುಳ್ಳಲ್ಲ. ಆದರೆ ಇದಕ್ಕೆ ಕಾರಣ ಮೃಗಾಲಯವನ್ನು ಕಟ್ಟಿರುವ ರೀತಿಯಲ್ಲೇ ಇದೆ.

ಊರೊಳಗಿಂದ ಊರಾಚೆಗೆ

ಮದ್ರಾಸಿನ ಮೃಗಾಲಯ ಶುರುವಾಗಿದ್ದು 1855ರಲ್ಲಿ, ಎಡ್ವರ್ಡ್ ಬಾಲ್ಫೋರ್ ಅವರ ಆಸಕ್ತಿಯಿಂದ, ಮ್ಯೂಸಿಯಂ ಆವರಣದಲ್ಲಿ. ಆಮೇಲೆ ಅದು ಸೆಂಟ್ರಲ್ ರೈಲು ನಿಲ್ದಾಣದ ಬಳಿಗೆ ಬಂತು. ಸುತ್ತ ನಗರ ಬೆಳೆದು ಜಾಗ ಸಾಲದಾಯಿತು. ಹೀಗಾಗಿ 1985ರಲ್ಲಿ ನಗರದ ಕೇಂದ್ರದಿಂದ ಸುಮಾರು 30 ಕಿ.ಮೀ. ದೂರದ ವಂಡಲೂರಿನಲ್ಲಿ ಹೊಸ ಮೃಗಾಲಯ ತೆರೆಯಿತು.

ಇದರ ವಿಸ್ತೀರ್ಣ 602 ಹೆಕ್ಟೇರ್, ಅಂದರೆ ಸುಮಾರು 1,490 ಎಕರೆ. ಹೈದರಾಬಾದ್ ಮೃಗಾಲಯ 380 ಎಕರೆ, ದೆಹಲಿಯದ್ದು 176 ಎಕರೆ, ಮುಂಬೈನ ಬೈಕುಲ್ಲಾದ ರಾಣಿಬಾಗ್ ಬರೀ 50 ಎಕರೆಯ ಆಸುಪಾಸು ಎಂದರೆ ಅಂದಾಜು ಸಿಗುತ್ತದೆ. ರಾಣಿಬಾಗ್ ರೀತಿ ಒಂದು ಸುತ್ತು ಹಾಕಿ ಬರುತ್ತೇವೆ ಎಂದುಕೊಂಡು ಬಂದರೆ ಕಾಲು ಕೈಕೊಡುವುದು ಖಂಡಿತ.

ಸರಳುಗಳ ಬದಲು ಕಂದಕ

ಇಲ್ಲಿ ದೊಡ್ಡ ಪ್ರಾಣಿಗಳಿಗೂ ನೋಡುಗರಿಗೂ ನಡುವೆ ಹೆಚ್ಚಾಗಿ ಇರುವುದು ಕಬ್ಬಿಣದ ಸರಳಲ್ಲ, ಆಳವಾದ ಕಂದಕ. ಜರ್ಮನಿಯ ಕಾರ್ಲ್ ಹಾಗನ್‌ಬೆಕ್ 1907ರಲ್ಲಿ ಹ್ಯಾಂಬರ್ಗ್‌ನ ತಮ್ಮ ಮೃಗಾಲಯದಲ್ಲಿ ಬಳಸಿದ ಮೇಲೆ ಜಗತ್ತಿಗೆಲ್ಲ ಹರಡಿದ ಪದ್ಧತಿ ಇದು. ಕಂದಕದ ಆಚೆ ಮರ, ಪೊದೆ, ನೀರು ಇರುತ್ತವೆ. ಹುಲಿಗೆ ಬೇಡವೆನಿಸಿದರೆ ಪೊದೆಯ ಹಿಂದೆ ಹೋಗಿ ಮಲಗಬಹುದು. ಟಿಕೆಟ್ ಕೊಟ್ಟವರಿಗೆ ಇದು ನಷ್ಟ, ಹುಲಿಗೆ ನೆಮ್ಮದಿ.

ಇನ್ನು ಸಮಯದ ವಿಚಾರ. ಸಿಂಹ ದಿನಕ್ಕೆ 16ರಿಂದ 20 ಗಂಟೆ ವಿಶ್ರಾಂತಿಯಲ್ಲೇ ಕಳೆಯುವ ಪ್ರಾಣಿ. ಹುಲಿ ಓಡಾಡುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ಮನೆಯಲ್ಲಿ ತಿಂಡಿ ಮುಗಿಸಿ, ಎಲ್ಲರೂ ರೆಡಿಯಾಗಿ, ಮಧ್ಯಾಹ್ನ 12ಕ್ಕೆ ಚೆನ್ನೈ ಬಿಸಿಲಲ್ಲಿ ಬಂದರೆ ಕಾಣುವುದು ನೆರಳಲ್ಲಿ ಮಲಗಿದ ಬೆನ್ನು ಮಾತ್ರ. ಬೆಳಗ್ಗೆ 9ಕ್ಕೆ ಗೇಟ್ ತೆರೆದ ಕೂಡಲೇ ಹುಲಿ, ಸಿಂಹಗಳತ್ತ ಹೋಗುವುದು ಜಾಣತನ. ಮೊಸಳೆ, ಹಾವುಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು, ಅವು ಎಲ್ಲಿಗೂ ಓಡುವುದಿಲ್ಲ.

ಕೂಗಿದರೆ ಏಳುತ್ತದೆಯೇ?

ಮಲಗಿದ ಪ್ರಾಣಿಯನ್ನು ಎಬ್ಬಿಸಲು ಕೂಗುವುದು, ಕಲ್ಲೆಸೆಯುವುದು, ಚಿಪ್ಸ್ ತೋರಿಸುವುದು ಮಕ್ಕಳಿಗಿಂತ ದೊಡ್ಡವರದೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಂ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಲು ಕೊಡುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ಕಸ ಎಸೆಯುವುದು ಎಲ್ಲವೂ ಅಪರಾಧ. ಜೈಲು ಶಿಕ್ಷೆಗೂ ಅವಕಾಶವಿದೆ.

ಒಂದು ಬಿಸ್ಕತ್ತಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಎಲೆ ತಿಂದು ಬದುಕುವ ಲಂಗೂರ್‌ಗಳ ಹೊಟ್ಟೆ ಹಸುವಿನದ್ದರಂತೆ ಹಲವು ಕೋಣೆಗಳದ್ದು. ಬ್ರೆಡ್, ಸಿಹಿ ಪದಾರ್ಥ ಅದರೊಳಗೆ ಹುದುಗು ಬಂದು ಹೊಟ್ಟೆ ಉಬ್ಬರಿಸುತ್ತದೆ. ಜಿಂಕೆ ನುಂಗಿದ ಪ್ಲಾಸ್ಟಿಕ್ ಕವರ್ ಹೊಟ್ಟೆಯಲ್ಲೇ ಉಳಿಯುತ್ತದೆ, ಕೆಲವೊಮ್ಮೆ ಪ್ರಾಣ ಹೋಗುವವರೆಗೂ.

ದೂರ ಕಾಯ್ದುಕೊಳ್ಳುವುದಕ್ಕೆ ಇನ್ನೊಂದು ಕಾರಣವನ್ನು ಕೊರೊನಾ ಕಲಿಸಿತು. 2021ರ ಮೇ ತಿಂಗಳಲ್ಲಿ ಹೈದರಾಬಾದ್‌ನ 8 ಸಿಂಹಗಳಿಗೆ ಸೋಂಕು ಪತ್ತೆಯಾಯಿತು. ಬೆನ್ನಲ್ಲೇ ವಂಡಲೂರಿನ ಸಿಂಹಗಳಿಗೂ ತಗುಲಿತು. ಅದೇ ಜೂನ್‌ನಲ್ಲಿ ಇಲ್ಲಿ 2 ಸಿಂಹಗಳು ಸತ್ತವು. ಮನುಷ್ಯರ ಕಾಯಿಲೆ ಪ್ರಾಣಿಗಳಿಗೂ ದಾಟುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಅಜ್ಜ-ಅಜ್ಜಿ ಜೊತೆಗಿದ್ದರೆ

ಮಂಗಳವಾರ ವಾರದ ರಜೆ, ಮೈಸೂರಿನಂತೆಯೇ. ಚೆನ್ನೈ ಬೀಚ್-ತಾಂಬರಂ-ಚೆಂಗಲ್ಪಟ್ಟು ಮಾರ್ಗದ ಲೋಕಲ್ ರೈಲು ವಂಡಲೂರಿನಲ್ಲೇ ನಿಲ್ಲುತ್ತದೆ. ಒಳಗೆ ಬ್ಯಾಟರಿ ವಾಹನವಿದೆ, ವಯಸ್ಸಾದವರಿದ್ದರೆ ಅದರ ಖರ್ಚಿಗೆ ಹಿಂದೆ ಮುಂದೆ ನೋಡುವುದು ಬೇಡ. ಹದಿಹರೆಯದ ಮಕ್ಕಳಿಗೆ ಬಾಡಿಗೆ ಸೈಕಲ್ ಸಿಗುತ್ತದೆ. ಶುಲ್ಕ ಆಗಾಗ ಬದಲಾಗುವುದರಿಂದ ಮೃಗಾಲಯದ ವೆಬ್‌ಸೈಟ್ ನೋಡಿಕೊಂಡು ಹೊರಡಿ. ಬ್ಯಾಗ್‌ನಲ್ಲಿ ಪ್ಲಾಸ್ಟಿಕ್ ಬೇಡ.

ಮಲೆನಾಡು ಕಡೆಯ ಅಜ್ಜನಿದ್ದರೆ ಸಿಂಗಳೀಕದ ಆವರಣಕ್ಕೆ ಕರೆದೊಯ್ಯಿರಿ. ಶರಾವತಿ, ಅಘನಾಶಿನಿ ಕಣಿವೆಗಳ ದಟ್ಟ ಕಾಡಲ್ಲಿ ಮರದ ತುದಿಯಲ್ಲೇ ಬದುಕುವ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಕೋತಿ ಇದು. ಇದರ ಸಂತತಿ ಉಳಿಸಲು ತಳಿ ಅಭಿವೃದ್ಧಿ ನಡೆಸುವ ಮೃಗಾಲಯಗಳಲ್ಲಿ ವಂಡಲೂರು ಒಂದು. ಇಂಥ ಕೆಲಸಕ್ಕೆ ಮೀಸಲಾದ ಪ್ರಾಣಿಗಳನ್ನು ಜನರ ಕಣ್ಣಿಂದ ದೂರ ಇಡುವುದೇ ಮೃಗಾಲಯಗಳ ರೂಢಿ. ಹಾಗಾಗಿ ಅಲ್ಲೂ ಒಂದೆರಡೇ ಕಂಡರೆ ಬೇಸರ ಬೇಡ.