ಮನೆ ಮಾರಾಟಕ್ಕಿದೆ, ಸಾಲಕ್ಕಿದೆಯೇ?

ಗೇಟಿಗೆ ಕಟ್ಟಿದ ‘ಮನೆ ಮಾರಾಟಕ್ಕಿದೆ’ ಫಲಕ ಎರಡು ಬೇಸಿಗೆ ಕಳೆದರೂ ಇಳಿಯದಿದ್ದರೆ ದಾವಣಗೆರೆಯಲ್ಲಿ ಅದಕ್ಕೆ ಸಿದ್ಧ ಉತ್ತರಗಳಿವೆ. ಬಾಗಿಲು ದಕ್ಷಿಣಕ್ಕಿದೆ. ಮಾರ್ಕೆಟ್ ಡಲ್ಲಾಗಿದೆ. ಮೆಕ್ಕೆಜೋಳಕ್ಕೆ ರೇಟಿಲ್ಲ, ಜನರ ಕೈಲಿ ದುಡ್ಡಿಲ್ಲ. ಯಾರದೋ ಕಣ್ಣು ಬಿದ್ದಿದೆ. ಈ ಉತ್ತರಗಳಿಗೆಲ್ಲ ಒಂದು ಅನುಕೂಲವಿದೆ: ಯಾವುದರಲ್ಲೂ ಮಾರುವವರ ತಪ್ಪಿಲ್ಲ. ಆದರೆ ನಿಟುವಳ್ಳಿಯಲ್ಲಾಗಲಿ ವಿನೋಬನಗರದಲ್ಲಾಗಲಿ ಅದೇ ಸಾಲಿನ, ಅದೇ ದಿಕ್ಕಿನ ಇನ್ನೊಂದು ಮನೆ ಅದೇ ಮಂದ ಮಾರುಕಟ್ಟೆಯಲ್ಲೇ ಕೈಬದಲಾಗಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಗೋಡೆಯಲ್ಲಿ ಹುಡುಕಿ ಫಲವಿಲ್ಲ, ಬೀರುವಿನೊಳಗಿನ ಕಡತದಲ್ಲಿ ಹುಡುಕಬೇಕು. ಮನೆ ನೋಡಿ ಮೆಚ್ಚುವವರು ನೂರು ಮಂದಿ ಇರಬಹುದು; ಕೊಳ್ಳಲು ಸಾಧ್ಯವಾಗುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ. ಆ ಸಂಖ್ಯೆಯನ್ನು ಇವತ್ತು ಬಹುಮಟ್ಟಿಗೆ ತೀರ್ಮಾನಿಸುವವರು ಬ್ಯಾಂಕಿನ ವಕೀಲರು ಮತ್ತು ಮೌಲ್ಯಮಾಪಕರು.

ಹೀಗೇಕೆ ಎಂದು ತಿಳಿಯಲು ದಾವಣಗೆರೆ-ಹರಿಹರ ಅವಳಿ ಊರುಗಳಲ್ಲಿ ಮನೆ ಕೊಳ್ಳುವವರು ಯಾರು ಎಂದು ನೋಡಿದರೆ ಸಾಕು. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು; ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಆಮೇಲೆ ಬೆಳೆದದ್ದು ಬೇರೆ ಆಧಾರದ ಮೇಲೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು, ಅವುಗಳ ಬೆನ್ನಿಗೆ ಬಂದ ಆಸ್ಪತ್ರೆಗಳು, 1997ರಲ್ಲಿ ಜಿಲ್ಲಾ ಕೇಂದ್ರವಾದಾಗ ಬಂದ ಕಚೇರಿಗಳು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದ ಹೊತ್ತಿಗೆ ನಿಂತೇಹೋಯಿತು. ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಉಳಿಯಿತು. ಹಾಗಾಗಿ 30-40 ಅಳತೆಯ ಮನೆಯೊಂದನ್ನು ಇಂದು ವಾಸಕ್ಕೆಂದು ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಉಪನ್ಯಾಸಕರು, ನರ್ಸುಗಳು, ಬ್ಯಾಂಕ್ ಮತ್ತು ಸರ್ಕಾರಿ ನೌಕರರು, ಇಲ್ಲವೇ ಬೆಂಗಳೂರಿನಲ್ಲಿ ದುಡಿಯುತ್ತ ತಂದೆತಾಯಿಗಾಗಿ ಇಲ್ಲೊಂದು ಮನೆ ನೋಡುತ್ತಿರುವ ಮಕ್ಕಳು. ಇವರ ಹತ್ತಿರ ಇರುವುದು ಸಂಬಳದ ಚೀಟಿ, ಗಂಟಲ್ಲ. ಸಾಲ ಸಿಗದ ಮನೆ ಇವರ ಪಾಲಿಗೆ ಇಲ್ಲದ ಮನೆ.

ಲೆಕ್ಕವನ್ನೇ ಹಾಕಿ ನೋಡೋಣ. ಮನೆಗೆ 60 ಲಕ್ಷ ಹೇಳಿದ್ದೀರಿ, ಕೊಳ್ಳುವವರೂ ಒಪ್ಪಿದ್ದಾರೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಮೌಲ್ಯಮಾಪಕರು ಬಂದು ಕಟ್ಟಡದ ವಯಸ್ಸು ಕಳೆದು 45 ಲಕ್ಷ ಎಂದು ಬರೆದುಕೊಂಡು ಹೋಗುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ಮೀರಿ 75 ಲಕ್ಷದವರೆಗಿನ ಗೃಹಸಾಲ ಸ್ವತ್ತಿನ ಮೌಲ್ಯದ ಶೇ 80ನ್ನು ದಾಟುವಂತಿಲ್ಲ. ಅಲ್ಲಿಗೆ ಸಾಲ 36 ಲಕ್ಷ. ಉಳಿದ 24 ಲಕ್ಷ ಕೈಯಿಂದ. ಜತೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6, 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6, ಎಂದರೆ ಸುಮಾರು ನಾಲ್ಕೂವರೆ ಲಕ್ಷ. ಕೊಳ್ಳುವ ಕುಟುಂಬ ಇಪ್ಪತ್ತೆಂಟೂವರೆ ಲಕ್ಷ ನಗದು ಹೊಂದಿಸಬೇಕು. ಅಷ್ಟರಲ್ಲೇ ಮಾರುವವರು ‘ಪತ್ರದಲ್ಲಿ 40 ತೋರಿಸೋಣ, ಉಳಿದದ್ದು ಕೈಗೆ ಕೊಡಿ’ ಎಂದರೆ ಮುಗಿಯಿತು. ಬ್ಯಾಂಕು ಪತ್ರದ ಬೆಲೆ ಮತ್ತು ಮೌಲ್ಯಮಾಪನ ಎರಡರಲ್ಲಿ ಕಡಿಮೆಯಾದದ್ದನ್ನೇ ಹಿಡಿಯುತ್ತದೆ. ಸಾಲ 32 ಲಕ್ಷಕ್ಕೆ ಇಳಿಯುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2015ರ ಜೂನ್‌ನಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದಷ್ಟೇ ದಂಡವನ್ನೂ ಇಟ್ಟಿದೆ. ಕಾನೂನಿನ ಭಯ ಹಾಗಿರಲಿ, ಸಂಬಳದವರಿಗೆ ‘ಕಪ್ಪು’ ಹೊಂದಿಸುವ ದಾರಿಯೇ ಇಲ್ಲ. ಮಾರುವವರು ಆ ಒಂದು ಮಾತಿನಿಂದ ಊರಿನ ಅರ್ಧದಷ್ಟು ಗಿರಾಕಿಗಳನ್ನು ಬಾಗಿಲಿಂದಾಚೆ ಕಳಿಸಿರುತ್ತಾರೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ದಾವಣಗೆರೆಯವರು ಕೂಡಲೇ ಹೇಳುವ ಆಕ್ಷೇಪವೊಂದಿದೆ. ಇದು ವ್ಯಾಪಾರಸ್ಥರ ಊರು. ಮಂಡಿಪೇಟೆಯ ವರ್ತಕರು, ಅಕ್ಕಿ ಗಿರಣಿಯವರು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಬ್ಯಾಂಕಿನ ಮುಖ ನೋಡದೆ ರೊಕ್ಕ ಎಣಿಸಿ ಕೊಳ್ಳುವವರು. ನಿಜ. ಆದರೆ ಇಡೀ ಗಂಟು ತರಬಲ್ಲವರು ಕೊಳ್ಳಲು ಹೊರಟಾಗ ಅವರ ಕಣ್ಣು ಮೊದಲು ಹೋಗುವುದು ಜಮೀನಿನತ್ತ, ಮುಖ್ಯರಸ್ತೆಯ ಸೈಟಿನತ್ತ, ಮಳಿಗೆಯತ್ತ. ಇಪ್ಪತ್ತೈದು ವರ್ಷದ ಹಳೆಯ ಮನೆಯತ್ತ ಅವರು ಬಂದರೆ ಒಂದೇ ಕಾರಣಕ್ಕೆ: ಇದಕ್ಕೆ ಬೇರೆ ಗಿರಾಕಿಯಿಲ್ಲ, ಕಡಿಮೆಗೆ ಬರುತ್ತದೆ ಎಂದು. ಕಾಗದ ಕೆಟ್ಟ ಮನೆಯನ್ನು ಅವರೂ ಕೊಳ್ಳುತ್ತಾರೆ, ಸರಿಪಡಿಸುವ ಖರ್ಚಿನ ಮೂರರಷ್ಟನ್ನು ಬೆಲೆಯಲ್ಲಿ ಕತ್ತರಿಸಿ. ಚೌಕಾಸಿಯಲ್ಲಿ ಮಾರುವವರಿಗೆ ಬಲ ಬರುವುದು ಮತ್ತೊಬ್ಬ ಗಿರಾಕಿ ಕಾದಿದ್ದಾಗ ಮಾತ್ರ. ಆ ಮತ್ತೊಬ್ಬರು ಸಾಲದ ಗಿರಾಕಿಯೇ ಆಗಿರುವುದರಿಂದ ನಗದಿಗೆ ಮಾರುವವರಿಗೂ ಬ್ಯಾಂಕು ಒಪ್ಪುವ ಕಡತ ಬೇಕು.

ಹಾಗಾದರೆ ಆ ಕಡತ ಎಲ್ಲಿ ಕೆಡುತ್ತದೆ? ದಾವಣಗೆರೆಯ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳು ಕಳೆದ ಕೆಲವು ದಶಕಗಳಲ್ಲಿ ಬಡಾವಣೆಗಳಾದವು. ಕೆಲವು ಭೂಪರಿವರ್ತನೆಯಾಗಿ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಎಲ್ಲರ ಬಾಯಲ್ಲಿ ದೂಡಾದ, ಅನುಮೋದನೆ ಪಡೆದವು. ಕೆಲವು ಪಹಣಿ ಜಮೀನಿನಲ್ಲೇ ಸುಣ್ಣದ ಗೆರೆ ಎಳೆದು ಹಂಚಿದ ರೆವಿನ್ಯೂ ಸೈಟುಗಳು. ಮನೆ ಎದ್ದು, ಕರೆಂಟು ಬಂದು, ಕಂದಾಯ ಕಟ್ಟುತ್ತ ಮೂವತ್ತು ವರ್ಷ ಕಳೆದ ಮೇಲೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಮಾರಾಟದ ದಿನ ಕಾಣುತ್ತದೆ. 2024ರ ಅಕ್ಟೋಬರ್‌ನಿಂದ ನಗರದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ; ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಪಾಲಿಕೆಯ ದಾಖಲೆಗೆ ತಾಳೆಯಾಗದ ಪತ್ರವನ್ನು ಮುಂದಕ್ಕೆ ಬಿಡುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅನಧಿಕೃತ ಬಡಾವಣೆಗಳ ಸ್ವತ್ತಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುಮಾಡಿದಾಗ ಹಲವರು ಸಮಸ್ಯೆ ಮುಗಿಯಿತೆಂದುಕೊಂಡರು. ಬಿ-ಖಾತೆಯಿಂದ ತೆರಿಗೆ ಕಟ್ಟುವ ದಾರಿಯಾಗುತ್ತದೆ, ಬಡಾವಣೆ ಸಕ್ರಮವಾಗುವುದಿಲ್ಲ. ಸಾಲ ಕೊಡುವ ಬ್ಯಾಂಕುಗಳು ಅದನ್ನು ಕಂಡು ಹಿಂದೆಮುಂದೆ ನೋಡುತ್ತವೆ. ರೆವಿನ್ಯೂ ಸೈಟಿನ ಮನೆಯನ್ನು ಎ-ಖಾತೆಯ ಮನೆಯ ಬೆಲೆಗೆ ಮಾರಲು ಹೊರಡುವುದು ವರ್ಷಗಟ್ಟಲೆ ಫಲಕ ತೂಗಿಸಲು ಖಚಿತವಾದ ದಾರಿ. ಆದರೆ ಹೆಚ್ಚಿನ ಮನೆಗಳ ತೊಡಕು ಇಷ್ಟು ದೊಡ್ಡದೇ ಅಲ್ಲ. ಕ್ರಯಪತ್ರದಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಚಕ್ಕುಬಂದಿಯಲ್ಲಿ ಪೂರ್ವಕ್ಕಿದ್ದ ‘ಖಾಲಿ ಜಾಗ’ ಈಗ ರಸ್ತೆ. ಅಳತೆ 30-40 ಎಂದಿದ್ದರೂ ನೆಲದ ಮೇಲೆ ಒಂದಡಿ ಕಡಿಮೆ. ತೀರಿಸಿ ದಶಕವಾದ ಸಹಕಾರ ಬ್ಯಾಂಕಿನ ಅಡಮಾನ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಇನ್ನೂ ಜೀವಂತ. ಇವಕ್ಕೆ ತಿದ್ದುಪಡಿ ಪತ್ರ, ಅಡಮಾನ ಬಿಡುಗಡೆ ಪತ್ರ, ಸರ್ವೆ ನಕ್ಷೆ ಸಾಕು. ಮೂಲಪತ್ರ ಕಳೆದಿದ್ದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ಉಪನೋಂದಣಾಧಿಕಾರಿ ಕಚೇರಿಯ ದೃಢೀಕೃತ ನಕಲು. ಎಲ್ಲ ಸೇರಿ ಕೆಲವು ತಿಂಗಳ ಓಡಾಟ. ತಪ್ಪಾಗುವುದು ಈ ಓಡಾಟವನ್ನು ಗಿರಾಕಿ ಸಿಕ್ಕ ಮೇಲೆ ಶುರುಮಾಡುವುದರಲ್ಲಿ. ಮುಂಗಡ ಕೊಟ್ಟವರು ಮೂರು ತಿಂಗಳ ಕರಾರು ಮಾಡಿಕೊಂಡಿರುತ್ತಾರೆ, ಅವರ ಸಾಲದ ಮಂಜೂರಾತಿಗೂ ಅವಧಿಯಿದೆ. ಮೂರು ತಿಂಗಳಲ್ಲಿ ಪತ್ರವಾಗದಿದ್ದರೆ ಮುಂಗಡ ವಾಪಸ್ಸು ಕೇಳುತ್ತಾರೆ. ಆಮೇಲೆ ‘ಆ ಮನೇದು ಏನೋ ಲಿಟಿಗೇಷನ್ ಐತಂತೆ’ ಎಂಬ ಮಾತು ದಲ್ಲಾಳಿಗಳಲ್ಲಿ ಹಬ್ಬಿದರೆ ಅದನ್ನು ತಿದ್ದುವ ಪತ್ರ ಯಾವ ಕಚೇರಿಯಲ್ಲೂ ಸಿಗದು.

ಎಲ್ಲಕ್ಕಿಂತ ಕಠಿಣವಾದ ಕಾಗದ ಮನೆಯೊಳಗಿನದು. ತಂದೆ ತೀರಿಕೊಂಡಿದ್ದಾರೆ, ಪೌತಿ ಖಾತೆ ಹಿರಿಮಗನ ಹೆಸರಿಗಾಗಿದೆ, ಅವನೇ ಮಾರಲು ಹೊರಟಿದ್ದಾನೆ. ಖಾತೆ ಎಂದರೆ ತೆರಿಗೆಯ ದಾಖಲೆ, ಮಾಲೀಕತ್ವವಲ್ಲ ಎಂಬುದನ್ನು ಬ್ಯಾಂಕಿನ ವಕೀಲರು ಅವನಿಗೆ ಮೊದಲ ಬಾರಿ ಹೇಳುತ್ತಾರೆ. ಉಯಿಲು ಬರೆಯದೆ ಹೋದ ಹಿಂದೂ ತಂದೆಯ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು 1956ರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿ ಅವಿವಾಹಿತ ಮಗಳಿಗೆ ಹಕ್ಕು ಕೊಟ್ಟಿತು, 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ‘ನಮ್ಮ ಅಕ್ಕತಂಗೇರು ಏನೂ ಕೇಳೋದಿಲ್ಲ’ ಎಂಬ ಮಾತು ಇಲ್ಲಿ ನಡೆಯದು. ಅವರು ಕೇಳುವುದಿಲ್ಲವೆಂಬುದು ಕಾಗದದ ಮೇಲೆ ಬರಬೇಕು. ಎಲ್ಲ ವಾರಸುದಾರರೂ ಕ್ರಯಪತ್ರಕ್ಕೆ ಸಹಿ ಹಾಕುವುದು ಸರಳ ದಾರಿ. ಇಲ್ಲವಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಕುಟುಂಬದೊಳಗೆ ಅದಕ್ಕೆ ಕ್ರಯಪತ್ರದಂತೆ ಶೇಕಡಾವಾರು ಮುದ್ರಾಂಕವಿಲ್ಲ. ಸಹಿ ಕೇಳಿದರೆ ಪಾಲು ಕೇಳುತ್ತಾರೆ ಎಂಬ ಭಯ ಹಲವು ಮನೆಗಳನ್ನು ಮಾರಾಟವಾಗದೆ ಉಳಿಸಿದೆ. ಕೇಳಬಹುದು, ಅದು ಅವರದೇ. ಪಾಲು ಕೊಟ್ಟು ಈ ವರ್ಷ ಮಾರುವುದಕ್ಕೂ ಕೊಡದೆ ಹತ್ತು ವರ್ಷ ಬೀಗ ಹಾಕುವುದಕ್ಕೂ ಲೆಕ್ಕ ಹಾಕಿದರೆ ಅಣ್ಣನಿಗೂ ಮೊದಲನೆಯದೇ ಲಾಭ.

ಇನ್ನು ಬೆಲೆಯ ವಿಷಯ. ಮಾರುವವರು ಸಾಮಾನ್ಯವಾಗಿ ಸೈಟಿನ ಇಂದಿನ ರೇಟಿಗೆ ಇಂದು ಮನೆ ಕಟ್ಟುವ ಖರ್ಚನ್ನು ಕೂಡಿಸುತ್ತಾರೆ. ಕೊಳ್ಳುವವರು ಅದೇ ಸೈಟಿನ ರೇಟಿನಿಂದ ಹಳೆಯ ವೈರಿಂಗು, ಸೋರುವ ತಾರಸಿ, ಕಾರು ನಿಲ್ಲದ ಅಂಗಳ ಇವುಗಳ ಖರ್ಚನ್ನು ಕಳೆಯುತ್ತಾರೆ. ಹತ್ತು ಹನ್ನೆರಡು ಲಕ್ಷದ ಅಂತರ ಅಲ್ಲೇ ಹುಟ್ಟುತ್ತದೆ. ಇದು ನಮ್ಮೂರಿನ ಹಟವೇನಲ್ಲ. 1990ರ ದಶಕದ ಬಾಸ್ಟನ್ ನಗರದ ಫ್ಲಾಟುಗಳನ್ನು ಜೆನೆಸೊವ್ ಮತ್ತು ಮೇಯರ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು, ಅವರ ಮನೆಗಳು ಹೆಚ್ಚು ಕಾಲ ಬಿಕರಿಯಾಗದೆ ಉಳಿಯುತ್ತಿದ್ದವು ಎಂಬುದು ಕಂಡುಬಂತು. ನಮ್ಮಲ್ಲಿ ಕೊಂಡ ಬೆಲೆಯ ಜಾಗದಲ್ಲಿ ಕೂತಿರುವುದು ಯಾರೋ ಹೇಳಿದ ಬೆಲೆ: ಹೋದ ವರ್ಷ ಒಬ್ಬರು 65 ಕೇಳಿದ್ದರು, ಕೊಡಲಿಲ್ಲ, ಈಗ ಹೇಗೆ 55ಕ್ಕೆ ಇಳಿಯುವುದು? ಆ ಒಬ್ಬರಿಗೆ ಸಾಲ ಸಿಗುತ್ತಿತ್ತೇ ಎಂದು ಯಾರೂ ವಿಚಾರಿಸಿರುವುದಿಲ್ಲ. ಇದಕ್ಕೆ ಪರಿಹಾರ ಸಣ್ಣದು: ಫಲಕ ಕಟ್ಟುವ ಮೊದಲು ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕರೊಬ್ಬರಿಂದ ಸ್ವಂತ ಖರ್ಚಿನಲ್ಲಿ ವರದಿ, ವಕೀಲರೊಬ್ಬರಿಂದ ಕಾನೂನು ಅಭಿಪ್ರಾಯ. ಎರಡನ್ನೂ ಗಿರಾಕಿಯ ಕೈಗಿಟ್ಟರೆ ಚೌಕಾಸಿ ಗಾಳಿಮಾತಿನಿಂದ ನೆಲಕ್ಕಿಳಿಯುತ್ತದೆ.

ಕಾಯ್ದರೆ ಬೆಲೆ ಏರುತ್ತದೆ, ಜಾಗ ಯಾವತ್ತೂ ಮೋಸ ಮಾಡುವುದಿಲ್ಲ ಎಂಬ ವಾದವೂ ಇದೆ. ಖಾಲಿ ಸೈಟಿನ ಮಟ್ಟಿಗೆ ಅದನ್ನು ಒಪ್ಪಬಹುದು. ಮನೆ ಹಾಗಲ್ಲ. 50 ಲಕ್ಷ ಶೇ 7ರ ಠೇವಣಿಯಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ತರುತ್ತದೆ. ಬೀಗ ಹಾಕಿದ ಮನೆ ಗೆದ್ದಲು, ಕಂದಾಯ, ತುಕ್ಕು ಹಿಡಿದ ಪಂಪು ಇಷ್ಟನ್ನು ತರುತ್ತದೆ. ಕಾಯುವುದು ಲಾಭವಾಗಬೇಕಾದರೆ ಬೆಲೆ ಪ್ರತಿ ವರ್ಷ ಆ ಶೇ 7ನ್ನೂ ದುರಸ್ತಿಯನ್ನೂ ಮೀರಿ ಏರಬೇಕು. ನಡುವೆ ಭೋಗ್ಯಕ್ಕೆ ಕೊಟ್ಟು ದುಡ್ಡು ಬಳಸಿಕೊಂಡಿದ್ದರೆ ಇನ್ನೊಂದು ಗಂಟು: ಗಿರಾಕಿ ಬಂದ ದಿನ ಭೋಗ್ಯದ ಹಣ ವಾಪಸ್ಸು ಕೊಡಲಾಗದೆ ಮನೆ ಖಾಲಿಯಾಗುವುದಿಲ್ಲ.

ವಾಸ್ತುವನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಮಾರುವವರು ನಂಬಲಿ ಬಿಡಲಿ, ಕೊಳ್ಳುವವರಲ್ಲಿ ಒಂದು ಪಾಲು ನಂಬುತ್ತಾರೆ, ಆದ್ದರಿಂದ ಅದು ಬೆಲೆಯ ಪ್ರಶ್ನೆ. ಮಾರುವ ಮುನ್ನ ಮೂರು ಲಕ್ಷ ಸುರಿದು ಬಾಗಿಲು ತಿರುಗಿಸುವುದು ನಷ್ಟ. ಮುಂದಿನವರ ಪಂಡಿತರು ಬೇರೆಯೇ ಹೇಳುತ್ತಾರೆ. ಆ ಹಣವನ್ನು ಗೋಡೆಯ ಬಿರುಕಿಗೆ ಹಾಕಿದರೆ ಅರ್ಥವಿದೆ. ಎರೆಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಆ ನೆಲದ ಮನೆಗಳಲ್ಲಿ ಕಿಟಕಿಯ ಮೂಲೆಗಳಿಂದ ಓರೆ ಬಿರುಕು ಏಳುವುದು ಸಾಮಾನ್ಯ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮೊದಲ ಮಳೆಗೆ ಮತ್ತೆ ಬಾಯಿ ಬಿಡುತ್ತದೆ, ಹೊಸ ಬಣ್ಣ ಕಂಡ ಗಿರಾಕಿಗೂ ಅನುಮಾನ ಬರುತ್ತದೆ. ಎಂಜಿನಿಯರರಿಂದ ಪಾಯ ಪರೀಕ್ಷಿಸಿ ಬರೆಸಿಕೊಂಡ ಒಂದು ಪುಟ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನೀರಿನದೂ ಹೀಗೆಯೇ: ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ, ಜಲಸಿರಿ ಯೋಜನೆಯ ಪೈಪು ಬಂದಿದೆಯೇ, ಬೋರಿನ ಆಳವೆಷ್ಟು ಎಂಬುದಕ್ಕೆ ನೇರ ಉತ್ತರ ಸಿಕ್ಕರೆ ಗಿರಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಕಡತ ಸರಿಯಿದ್ದೂ ಮಾರಾಟವಾಗದ ಮನೆಗಳು ಉಳಿಯುತ್ತವೆ ಎಂಬುದನ್ನು ಒಪ್ಪಬೇಕು. ಪಿ.ಜೆ. ಬಡಾವಣೆಯ ವಿಶಾಲ ನಿವೇಶನದ ಹಳೆಯ ಮನೆಗಳ ಬೆಲೆ ಸಂಬಳದವರ ಸಾಲದ ಮಿತಿಯನ್ನು ಎಂದೋ ದಾಟಿದೆ. ಅವನ್ನು ವಾಸದ ಮನೆಯೆಂದು ತೋರಿಸುವ ಬದಲು ನರ್ಸಿಂಗ್ ಹೋಮಿಗೋ ಲ್ಯಾಬಿಗೋ ಬೇಕಾದ ಜಾಗವೆಂದು ವೈದ್ಯರ ಮುಂದಿಡಬೇಕು. ಹಳೇಪೇಟೆಯ ಓಣಿಗಳಲ್ಲಿ ಗೋಡೆ ಹಂಚಿಕೊಂಡ ಉದ್ದನೆಯ ಮನೆಗಳಿಗೆ ಹೊರಗಿನವರು ಬರುವುದು ಅಪರೂಪ, ಪಕ್ಕದ ಮನೆಯವರೇ ಸಹಜ ಗಿರಾಕಿ; ಹಳೆಯ ಮನಸ್ತಾಪಕ್ಕೆ ಅವರನ್ನು ಕೇಳದೆ ಬಿಡುವವರೇ ಹೆಚ್ಚು. ಹರಿಹರದಲ್ಲಿ ತುಂಗಭದ್ರೆ ಉಕ್ಕಿದಾಗ ನೀರು ನುಗ್ಗುವ ಗಂಗಾನಗರದಂಥ ತಗ್ಗಿನ ಮನೆಗಳ ದೋಷವನ್ನು ಯಾವ ಪತ್ರವೂ ತೆಗೆಯದು. ಅಲ್ಲಿ ಮಾರುವವರ ಕೈಲಿರುವುದು ಬೆಲೆಯೊಂದೇ, ಅದನ್ನೂ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹೇಳಿಯೇ ಇಡಬೇಕು; ಮುಚ್ಚಿಟ್ಟರೂ ಗಿರಾಕಿ ಬೀದಿ ತುದಿಯ ಚಹಾದಂಗಡಿಯಲ್ಲಿ ಕೇಳಿ ತಿಳಿದುಕೊಂಡೇ ಬರುತ್ತಾರೆ.